ಲಿಂಕನ್‌ನಿಂದ ಅಪ್ಪಾಜಿಗೆ: ಟ್ರಕ್ಕಿನ ಡೀಸೆಲ್ ಸೋರಿಕೆ ನಿಂತ ಬಗೆ

ಲಿಂಕನ್, ನೆಬ್ರಾಸ್ಕ
16 ಮಾರ್ಚ್ 2025

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗ ಬಸವರಾಜು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಲ್ಲಿ ನೀವು, ಅವ್ವ, ಮಂಜು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಚಳಿ ಈಗಷ್ಟೇ ಸಡಿಲವಾಗುತ್ತಿದೆ, ರಸ್ತೆ ಬದಿಯ ಹಿಮ ಕರಗಿ ಕೆಸರಾಗಿದೆ.

ಕಳೆದ ತಿಂಗಳು ಫೋನಿನಲ್ಲಿ ಮಾತನಾಡಿದಾಗ ನನ್ನ ಹಳೆಯ ಟ್ರಕ್ಕಿನಿಂದ ಡೀಸೆಲ್ ಸೋರುತ್ತಿದೆ ಎಂದು ಹೇಳಿದ್ದೆ. ನೀವು "ತೊಟ್ಟಿಕ್ಕೋ ಜಾಗ ನೋಡಬೇಡ ಮಗ, ಒದ್ದೆ ಶುರುವಾಗೋ ಜಾಗ ನೋಡು" ಅಂದಿರಿ, ಅಷ್ಟರಲ್ಲಿ ಲೈನು ಕಟ್ಟಾಯಿತು. ಆ ಒಂದು ಮಾತೇ ನನ್ನ ಕೆಲಸವನ್ನು ಮುಗಿಸಿಕೊಟ್ಟಿತು. ನಮ್ಮ ಟಾಟಾ 407 ಲಾರಿ ಬೆಳಗಿನ ಹೊತ್ತು ಸ್ಟಾರ್ಟ್ ಆಗಲು ಸತಾಯಿಸುತ್ತಿದೆ ಎಂದು ಮಂಜು ಹೇಳಿದ್ದರಿಂದಲೂ, ಎರಡು ಗಾಡಿಗಳ ತೊಂದರೆಗೂ ಮೂಲ ಒಂದೇ ಇರಬಹುದೆಂದು ನನಗೆ ಬಲವಾಗಿ ಅನ್ನಿಸಿರುವುದರಿಂದಲೂ ಇದನ್ನೆಲ್ಲ ವಿವರವಾಗಿ ಬರೆಯುತ್ತಿದ್ದೇನೆ. ಮಂಜುವಿಗೂ ಓದಿ ಹೇಳಿ.

ನನ್ನದು 2000ನೇ ಇಸವಿಯ ಫೋರ್ಡ್ ಎಫ್-250, ಎಂಟು ಸಿಲಿಂಡರಿನ 7.3 ಲೀಟರ್ ಡೀಸೆಲ್ ಎಂಜಿನ್. ನಾವಿಸ್ಟಾರ್ ಕಂಪನಿ ಫೋರ್ಡ್‌ಗೆಂದು ತಯಾರಿಸಿ ಕೊಡುತ್ತಿದ್ದ ಈ ಎಂಜಿನ್ 1994ರಿಂದ 2003ರವರೆಗೆ ಬಂತು, ಇಲ್ಲಿನ ರೈತರು ಇಂದಿಗೂ ಇದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಎಂಜಿನ್ನಿನ ಎರಡು ಸಾಲು ಸಿಲಿಂಡರುಗಳು ಒಂದಕ್ಕೊಂದು ಓರೆಯಾಗಿ ನಿಂತಿದ್ದು, ಅವುಗಳ ನಡುವೆ ಕಣಿವೆಯಂಥ ತಗ್ಗು ಇದೆ. ಆ ತಗ್ಗಿನಲ್ಲಿ ನಮ್ಮ ಮನೆಯ ತಂಬಿಗೆಯಷ್ಟು ದೊಡ್ಡದಾದ ಅಲ್ಯೂಮಿನಿಯಂ ಬಟ್ಟಲನ್ನು ಕೂರಿಸಿದ್ದಾರೆ. ಡೀಸೆಲ್ ಫಿಲ್ಟರ್ ಇರುವುದು ಅದರೊಳಗೆ. ಮೇಲೆ ಕಪ್ಪು ಪ್ಲಾಸ್ಟಿಕ್ಕಿನ ತಿರುಪು ಮುಚ್ಚಳ, ಪಕ್ಕದಲ್ಲಿ ಕೆಳಗೆ ತಂಗಿದ ನೀರನ್ನು ಹೊರಗೆ ಬಿಡಲು ಹಳದಿ ಹಿಡಿಯ ಚಿಕ್ಕ ವಾಲ್ವ್.

ಜನವರಿಯಲ್ಲಿ ಚಳಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿಳಿದ ವಾರ, ಬೆಳಿಗ್ಗೆ ಗಾಡಿ ತೆಗೆದಾಗ ನಿಲ್ಲಿಸಿದ್ದ ಜಾಗದಲ್ಲಿ ಅಂಗೈಯಗಲದ ಕಲೆ ಕಾಣಿಸಿತು. ಎರಡು ವಾರದೊಳಗೆ ಅದು ತಟ್ಟೆಯಗಲವಾಯಿತು. ಬಗ್ಗಿ ನೋಡಿದರೆ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆ, ತೀರಾ ಹಿಂದೆ, ಹನಿ ತೂಗಾಡುತ್ತಿತ್ತು. ಒಂದು ವರ್ಕ್‌ಶಾಪಿಗೆ ಒಯ್ದಾಗ ಅವರು ಕೆಳಗಿನಿಂದ ದೀಪ ಹಿಡಿದು ನೋಡಿ, ಕ್ರ್ಯಾಂಕ್ ಶಾಫ್ಟಿನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಸಾವಿರ ಡಾಲರಿಗೂ ಮಿಕ್ಕಿ ಆಗುತ್ತದೆ ಎಂದರು. ನಾನು ಆ ಹನಿಯನ್ನು ಬೆರಳಿಗೆ ತಾಗಿಸಿ ಮೂಸಿ ನೋಡಿದೆ. ಅದು ಎಂಜಿನ್ ಆಯಿಲ್ ಆಗಿರಲಿಲ್ಲ, ತೆಳ್ಳಗಿನ ಡೀಸೆಲ್. ಆಯಿಲ್ ಸೀಲಿನ ಹತ್ತಿರ ಡೀಸೆಲ್ಲಿಗೆ ಏನು ಕೆಲಸ ಎಂದು ಯೋಚಿಸುತ್ತ, ಅವರಿಗೆ ವಂದನೆ ಹೇಳಿ ಗಾಡಿಯನ್ನು ವಾಪಸು ತಂದೆ.

ನಿಮ್ಮ ಮಾತು ನೆರವಿಗೆ ಬಂದದ್ದು ಇಲ್ಲಿಯೇ. ಮುಂದಿನ ಭಾನುವಾರ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಬಾನೆಟ್ ಎತ್ತಿ, ಟಾರ್ಚು ಹಿಡಿದು ಆ ಕಣಿವೆಯೊಳಗೆ ನೋಡಿದರೆ ತಳದಲ್ಲಿ ಡೀಸೆಲ್ ಕುಂಟೆಯ ನೀರಿನಂತೆ ನಿಂತಿತ್ತು. ಮೇಲೆಲ್ಲೋ ಸೋರಿದ್ದು ತಗ್ಗಿನಲ್ಲಿ ತುಂಬಿ, ಎಂಜಿನ್ನಿನ ಹಿಂಭಾಗದಿಂದ ಇಳಿದು, ಗೇರ್‌ಬಾಕ್ಸಿನ ಮೇಲೆ ಹರಿದು, ನಾನು ಕಂಡ ಜಾಗದಲ್ಲಿ ತೊಟ್ಟಿಕ್ಕುತ್ತಿತ್ತು. ಸೋರಿದ ಜಾಗಕ್ಕೂ ತೊಟ್ಟಿಕ್ಕಿದ ಜಾಗಕ್ಕೂ ಮೂರು ಅಡಿಯ ಅಂತರ!

ಹಳೆಯ ಬಟ್ಟೆಯಿಂದ ಆ ಡೀಸೆಲ್ಲನ್ನೆಲ್ಲ ಹೀರಿ ತೆಗೆದು, ಬಟ್ಟಲಿನ ಸುತ್ತ ಒಂದು ತೇವವೂ ಉಳಿಯದಂತೆ ಒರೆಸಿದೆ. ಮೊದಲು ನನಗೆ ಅನುಮಾನವಿದ್ದದ್ದು ಮುಚ್ಚಳದ ಮೇಲೆ, ಏಕೆಂದರೆ ಫಿಲ್ಟರ್ ಬದಲಿಸುವಾಗಲೆಲ್ಲ ತೆರೆದು ಮುಚ್ಚುವುದು ಅದನ್ನೇ. ಹೊಸ ಫಿಲ್ಟರಿನ ಜೊತೆ ಬಂದ ಓ-ರಿಂಗ್, ಅಂದರೆ ಸಂದು ಮುಚ್ಚುವ ರಬ್ಬರ್ ಬಳೆ, ಹಾಕಿ ಮುಚ್ಚಿದೆ. ಈ ಗಾಡಿಯಲ್ಲಿ ಒಂದು ಅನುಕೂಲವಿದೆ: ಡೀಸೆಲ್ ಎತ್ತುವ ಪಂಪು ಚಾಸಿಯ ಮೇಲೆ ಕೂತಿರುವ ವಿದ್ಯುತ್ ಪಂಪು. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿದರೆ ಅದು ಸುಮಾರು ಇಪ್ಪತ್ತು ಸೆಕೆಂಡು ಓಡಿ ಬಟ್ಟಲಿಗೆ ಒತ್ತಡ ತುಂಬುತ್ತದೆ. ಫ್ಯಾನೂ ಬೆಲ್ಟೂ ನಿಂತಿರುವಾಗಲೇ ತಲೆ ಬಗ್ಗಿಸಿ ಸೋರಿಕೆ ಹುಡುಕಬಹುದು. ಪಕ್ಕದ ಮನೆಯ ಹುಡುಗನನ್ನು ಕೀಲಿ ತಿರುಗಿಸಲು ಕೂರಿಸಿ, ನಾನು ಕ್ಷೌರದ ಕನ್ನಡಿಯನ್ನು ಬಟ್ಟಲಿನ ಪಕ್ಕಕ್ಕೆ ಇಳಿಸಿ, ಟಾರ್ಚಿನ ಬೆಳಕನ್ನು ಅದರ ಮೇಲೆ ಬಿಟ್ಟು ಕಾದೆ. ಮುಚ್ಚಳ ಒಣಗಿಯೇ ಇತ್ತು. ಮೂರನೆಯ ಸಲ ಕೀಲಿ ತಿರುಗಿಸಿದಾಗ ಹಳದಿ ಹಿಡಿಯ ಬುಡದಲ್ಲಿ ಕೂದಲೆಳೆಯಂಥ ಹೊಳಪು ಕಾಣಿಸಿತು. ನೋಡುತ್ತಿದ್ದಂತೆಯೇ ಅದು ಮಣಿಯಾಗಿ ಉಬ್ಬಿ, ವಾಲ್ವಿನ ಹೊಟ್ಟೆಯ ಮೇಲೆ ಜಾರಿ ಕೆಳಗೆ ಬಿತ್ತು. ಒಂದು ತಿಂಗಳು ನಾನು ಹುಡುಕುತ್ತಿದ್ದದ್ದು ಅದೇ ಹನಿ.

ಮಂಜು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಾಲ್ವಿಗೆ ಜೋಡಿಸಿದ ರಬ್ಬರ್ ನಳಿಕೆಯ ತುದಿಯಿಂದ ಡೀಸೆಲ್ ಬಂದಿದ್ದರೆ ವಾಲ್ವ್ ಒಳಗೆ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ ಎಂದು ಅರ್ಥ. ನಳಿಕೆ ಒಣಗಿದ್ದು, ಹಿಡಿಯ ಬುಡ ಮಾತ್ರ ಒದ್ದೆಯಾದರೆ ಹೋಗಿರುವುದು ಓ-ರಿಂಗ್. ಒಂದೇ ವಾಲ್ವಿನ ಎರಡು ಬೇರೆ ಬೇರೆ ರೋಗಗಳಿವು, ಔಷಧವೂ ಬೇರೆ.

ವಾಲ್ವನ್ನು ಹಿಡಿದಿದ್ದದ್ದು ನಕ್ಷತ್ರದ ಗುಳಿಯ ಪುಟ್ಟ ಸ್ಕ್ರೂಗಳು. ಒಂದು ಸ್ಕ್ರೂ ಅಲ್ಯೂಮಿನಿಯಂಗೆ ಕಚ್ಚಿಕೊಂಡು ಮಿಸುಕಲಿಲ್ಲ. ಬಲ ಹಾಕಿದರೆ ತಲೆ ಸವೆದು ಕೆಲಸ ಕೆಡುತ್ತದೆಂದು, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೆಯೇ ಬಿಟ್ಟೆ. ಮರುದಿನ ಸಂಜೆ ಸಣ್ಣ 'ಟಕ್' ಎಂಬ ಸದ್ದಿನೊಡನೆ ಅದು ಸಡಿಲವಾದಾಗ ಮನಸ್ಸಿಗೆ ಬಂದ ನೆಮ್ಮದಿಯನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಳಗಿದ್ದ ಓ-ರಿಂಗನ್ನು ಕೈಗೆ ತೆಗೆದುಕೊಂಡೆ. ದುಂಡಗಿರಬೇಕಾದ ಅದು ಎರಡೂ ಕಡೆ ಚಪ್ಪಟೆಯಾಗಿತ್ತು, ಉಗುರು ಒತ್ತಿದರೆ ತಗ್ಗು ಬೀಳಲಿಲ್ಲ, ಬೆರಳುಗಳ ನಡುವೆ ಮಡಚಿದೊಡನೆ ಒಣಕಡ್ಡಿಯಂತೆ ಮುರಿಯಿತು.

ಇದರಲ್ಲಿ ಗಾಡಿ ಮಾಡಿದವರ ತಪ್ಪೇನೂ ಇಲ್ಲ. ಇಪ್ಪತ್ತೈದು ವರ್ಷ ಎಂಜಿನ್ನಿನ ಬಿಸಿಯಲ್ಲೂ ಡೀಸೆಲ್ಲಿನಲ್ಲೂ ಮುಳುಗಿದ್ದ ರಬ್ಬರು ಇಷ್ಟು ದಿನ ಬಾಳಿದ್ದೇ ಹೆಚ್ಚು. ಆದರೆ ಇನ್ನೊಂದು ಕಾರಣವೂ ಇದೆ, ಅದು ನಮ್ಮ ಊರಿನ ಗಾಡಿಗೂ ಸಂಬಂಧಪಟ್ಟದ್ದು. ಈ ದೇಶದಲ್ಲಿ 2006ರಲ್ಲಿ ರಸ್ತೆ ಗಾಡಿಗಳ ಡೀಸೆಲ್ಲಿನ ಗಂಧಕವನ್ನು ಹತ್ತು ಲಕ್ಷ ಭಾಗಕ್ಕೆ 500ರಿಂದ 15ಕ್ಕೆ ಇಳಿಸತೊಡಗಿದರು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಬಿಎಸ್-6 ಎಂಬ ಮಾಲಿನ್ಯ ಮಾನದಂಡದ ಡೀಸೆಲ್ ಬಂದು, ಗಂಧಕದ ಮಿತಿ 50ರಿಂದ 10ಕ್ಕೆ ಇಳಿಯಿತು. ಗಾಳಿಗೆ ಇದು ಒಳ್ಳೆಯದೇ. ಆದರೆ ಗಂಧಕ ತೆಗೆಯಲು ಡೀಸೆಲ್ಲನ್ನು ಹೈಡ್ರೋಜನ್ನಿನೊಂದಿಗೆ ಸಂಸ್ಕರಿಸುವಾಗ ಅದರಲ್ಲಿನ ಆರೋಮ್ಯಾಟಿಕ್ ಎಂಬ ಅಂಶಗಳೂ ಕಡಿಮೆಯಾಗುತ್ತವೆ. ಹಳೆಯ ನೈಟ್ರೈಲ್ ರಬ್ಬರು ಆ ಅಂಶಗಳನ್ನು ಕುಡಿದು ಉಬ್ಬಿಕೊಂಡೇ ಸಂದು ಮುಚ್ಚುತ್ತಿತ್ತು. ಅವು ಕಡಿಮೆಯಾದಾಗ ರಬ್ಬರು ಕುಗ್ಗುತ್ತದೆ. ಹೊಸ ರಬ್ಬರಾದರೆ ತಾಳಿಕೊಳ್ಳುತ್ತದೆ, ಗಟ್ಟಿಯಾದ ಹಳೆಯದು ಸಂದು ಬಿಡುತ್ತದೆ. ಅದಕ್ಕಾಗಿ ನಾನು ಈ ಸಲ ಡೀಸೆಲ್ಲಿಗೂ ಬಿಸಿಗೂ ಹೆಚ್ಚು ತಾಳುವ ವೈಟಾನ್ ಎಂಬ ರಬ್ಬರಿನ ಓ-ರಿಂಗುಗಳನ್ನೇ ತರಿಸಿದೆ. ಕೆಲವೇ ಡಾಲರು ಖರ್ಚಾಯಿತು.

ಕೂರಿಸುವಾಗ ನೀವು ಕಲಿಸಿದಂತೆಯೇ ನಡೆದೆ. ರಿಂಗ್ ಕೂರುವ ತಗ್ಗಿಗೆ ಸ್ಕ್ರೂಡ್ರೈವರ್ ತಾಗಿಸದೆ ಬಟ್ಟೆಯಿಂದಲೇ ಒರೆಸಿದೆ, ಅಲ್ಯೂಮಿನಿಯಂ ಮೇಲೆ ಒಂದು ಗೀರು ಬಿದ್ದರೂ ಹೊಸ ರಿಂಗ್ ಸೋರುತ್ತದೆ. ರಿಂಗಿಗೆ ಶುದ್ಧ ಡೀಸೆಲ್ ಸವರಿ, ಎಲ್ಲಿಯೂ ತಿರುಚಿಕೊಳ್ಳದಂತೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಆಮೇಲೆ ಕೀಲಿಯನ್ನು ನಾಲ್ಕು ಸಲ ತಿರುಗಿಸಿ ಬಟ್ಟಲು ತುಂಬಿಸಿ ಸ್ಟಾರ್ಟ್ ಮಾಡಿದೆ. ಸ್ವಲ್ಪ ತಡವರಿಸಿ ಹಿಡಿಯಿತು. ಇಂದಿಗೆ ಹದಿನಾರು ದಿನ. ರಾತ್ರಿ ಗಾಡಿಯ ಕೆಳಗೆ ಹಾಸುವ ರಟ್ಟಿನ ಮೇಲೆ ಒಂದು ಹನಿಯೂ ಬಿದ್ದಿಲ್ಲ.

ಇನ್ನು ನಮ್ಮ 407 ವಿಚಾರ. ನನ್ನ ಗಾಡಿಯಲ್ಲಿ ತೊಂದರೆ ಕಣ್ಣಿಗೆ ಕಂಡಿತು, ಏಕೆಂದರೆ ಒತ್ತಡದಲ್ಲಿರುವ ಡೀಸೆಲ್ ಹೊರಗೆ ಬರುತ್ತದೆ. ಅಲ್ಲಿ ಟ್ಯಾಂಕು ಎಂಜಿನ್ನಿಗಿಂತ ಕೆಳಗಿರುವುದರಿಂದ ಗಾಡಿ ರಾತ್ರಿ ನಿಂತಾಗ ಡೀಸೆಲ್ ಮೆಲ್ಲಗೆ ಟ್ಯಾಂಕಿನ ಕಡೆಗೆ ಇಳಿಯಲು ನೋಡುತ್ತದೆ. ಎಲ್ಲಾದರೂ ಸಂದಿದ್ದರೆ ಅಲ್ಲಿಂದ ಗಾಳಿ ಒಳಗೆ ಹೋಗಿ, ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಹಗಲು ಓಡುವಾಗ ಫಿಲ್ಟರಿನ ವಾಷರಿನ ಬಳಿ ಸ್ವಲ್ಪವೇ ಒಸರಿ ಧೂಳು ಮೆತ್ತಿಕೊಂಡ ಜಾಗವೇ ರಾತ್ರಿ ಗಾಳಿ ಎಳೆಯುತ್ತಿರಬಹುದು. ಮಂಜು ಬ್ಯಾಟರಿ ಬದಲಿಸುವ ಮೊದಲು ಫಿಲ್ಟರ್ ತಲೆಯ, ಗಾಳಿ ಹೊರಗೆ ಬಿಡುವ ಏರ್ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪ್ ಒತ್ತಿ ನೋಡಲಿ. ಬೆಳಿಗ್ಗೆ ಮೊದಲ ಸಲವೇ ನೊರೆ ಬಂದರೆ ಗಾಳಿ ಎಳೆಯುತ್ತಿದೆ ಎಂದೇ ತಿಳಿಯಬೇಕು. ಟ್ಯಾಂಕಿನಿಂದ ಬರುವ ಲೈನಿನಲ್ಲಿ ಒಂದು ಗೇಣು ಪಾರದರ್ಶಕ ನಳಿಕೆ ಸೇರಿಸಿ ಎಂಜಿನ್ ಓಡಿಸಿದರೆ, ಅದರಲ್ಲಿ ಗುಳ್ಳೆ ಬಂದರೆ ಗಾಳಿ ಹೊಗುತ್ತಿರುವುದು ಫಿಲ್ಟರಿಗಿಂತ ಹಿಂದೆ, ಟ್ಯಾಂಕಿನ ಕಡೆ. ಗುಳ್ಳೆ ಬಾರದಿದ್ದರೆ ಫಿಲ್ಟರ್ ಬಳಿ ಹುಡುಕಬೇಕು. ಫಿಲ್ಟರಿನ ರಬ್ಬರ್ ವಾಷರು, ಡೀಸೆಲ್ ಹಾಯುವ ಟೊಳ್ಳು ಬೋಲ್ಟಾದ ಬಾಂಜೋ ಬೋಲ್ಟಿನ ಎರಡೂ ಕಡೆಯ ತಾಮ್ರದ ವಾಷರು, ಇವನ್ನೆಲ್ಲ ಒಟ್ಟಿಗೇ ಹೊಸದು ಹಾಕಲಿ. ಹಳೆಯದನ್ನೇ ತಿರುಗಿಸಿ ಹಾಕುವುದು ಬೇಡ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಅವನಿಗೆ ಒತ್ತಿ ಹೇಳಿ. ನನ್ನ ಎಂಜಿನ್ನಿನಲ್ಲಿ ಅತಿ ಒತ್ತಡದ ಡೀಸೆಲ್ ಹರಿಯುವ ಪೈಪು ಹೊರಗೆ ಇಲ್ಲವೇ ಇಲ್ಲ. ನಮ್ಮ ಗಾಡಿಯಲ್ಲಿ ಮೈಕೋ ಕಂಪನಿಯ ಡೀಸೆಲ್ ಪಂಪಿನಿಂದ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳು ಹೊರಗೇ ಇವೆ. ಎಂಜಿನ್ ಓಡುವಾಗ ಅಲ್ಲಿ ಸೋರಿಕೆ ಹುಡುಕಲು ಎಂದಿಗೂ ಬೆರಳು ಹಿಡಿಯಬಾರದು. ಸೂಜಿಯಂಥ ಆ ಧಾರೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳೇ ಹೋಗಬಹುದು. ನೋಡಲೇಬೇಕಾದರೆ ರಟ್ಟಿನ ತುಂಡನ್ನು ಹಿಡಿದು, ಅದು ಒದ್ದೆಯಾಗುವುದನ್ನು ನೋಡಲಿ.

ಅಪ್ಪಾಜಿ, ಕನ್ನಡಿಯಲ್ಲಿ ಆ ಹನಿ ಉಬ್ಬುತ್ತಿದ್ದಾಗ ನನಗೆ ನೆನಪಾದದ್ದು ಅರಸೀಕೆರೆಯ ಹತ್ತಿರದ ಆ ರಾತ್ರಿ. ಕೊಬ್ಬರಿ ಲೋಡು ತುಂಬಿದ ಲಾರಿಯ ಟ್ಯಾಂಕಿನಲ್ಲಿ ಬಿರುಕು ಬಿಟ್ಟಿತ್ತು. ನೀವು ಬಟ್ಟೆ ಸೋಪಿನ ತುಂಡನ್ನು ಅಂಗೈಯಲ್ಲಿ ನಾದಿ ಆ ಬಿರುಕಿಗೆ ಒತ್ತಿ, "ಡೀಸೆಲ್ಲಿಗೆ ಸೋಪು ಕರಗಲ್ಲ ಕಣೋ" ಎಂದು ನನಗೆ ಹೇಳಿ, ಬೆಳಗಾಗುವುದರೊಳಗೆ ತಿಪಟೂರು ಮುಟ್ಟಿಸಿದಿರಿ. ಲಾಟೀನು ಹಿಡಿದು ನಿಂತಿದ್ದ ನನಗೆ ಆಗ ಹತ್ತು ವರ್ಷ. ಆ ಕೈಕೆಲಸವನ್ನು ನೋಡಿದ್ದರಿಂದಲೇ ಇಂದು ಸಾವಿರಾರು ಮೈಲಿಗಳಾಚೆ ನನ್ನ ಗಾಡಿಯನ್ನು ನಾನೇ ರಿಪೇರಿ ಮಾಡಿಕೊಳ್ಳಲು ಧೈರ್ಯ ಬಂತು.

407ರ ಫಿಲ್ಟರಿನ ಹಳೆಯ ವಾಷರುಗಳನ್ನು ಮಂಜು ಬಿಸಾಡದೆ, ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಫೋಟೊ ತೆಗೆದು ಕಳಿಸಲಿ. ಒಳಗಿನ ಮತ್ತು ಹೊರಗಿನ ಅಗಲ, ದಪ್ಪ ತಿಳಿದರೆ ಸಾಕು, ಅದೇ ಅಳತೆಯ ವೈಟಾನ್ ರಿಂಗುಗಳನ್ನು ಜೂನ್‌ನಲ್ಲಿ ಬರುವಾಗ ತರುತ್ತೇನೆ. ಅಲ್ಲಿಯವರೆಗೆ ಹೊಸ ರಬ್ಬರ್ ವಾಷರುಗಳಿಂದ ಕೆಲಸ ನಡೆಯುತ್ತದೆ. ಅವ್ವನಿಗೆ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಮಗ,
ಬಸವರಾಜು