ಮಗಳಿಗೊಂದು ಪತ್ರ: ತಿಮ್ಮಾಜಮ್ಮನಿಗೆ ಬಂದ ಓಲೆಯ ವಿಚಾರ

ಬಸವನಗುಡಿ, ಬೆಂಗಳೂರು
ಮಂಗಳವಾರ ರಾತ್ರಿ

ಪ್ರೀತಿಯ ಕೂಸೇ,

ಅಮ್ಮನ ಆಶೀರ್ವಾದಗಳು. ವೇಷ ತೊಟ್ಟು ಪಾತ್ರವಾಗಿಯೇ ಆಡುವ ನಿಮ್ಮ ಲಾರ್ಪ್ ಆಟದಲ್ಲಿ ನಿನ್ನ ಪಾತ್ರವಾದ ತಿಮ್ಮಾಜಮ್ಮನಿಗೆ ಗೆಳತಿ ಬರೆದ ಓಲೆಯನ್ನು ಭಾನುವಾರ ‘ನೀನೇ ಓದು’ ಎಂದು ನನ್ನ ಕೈಗಿಟ್ಟು ಹೋದೆಯಲ್ಲ, ಅದನ್ನು ನಿಧಾನವಾಗಿ ಓದಿದೆ. ನೀನು ಊಟ ಬಿಟ್ಟು ವೈಟ್‌ಫೀಲ್ಡಿನ ಪಿಜಿಗೆ ಹೊರಟುಹೋದದ್ದೇಕೆಂದು ಆಮೇಲೆ ತಿಳಿಯಿತು. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಕಾಗದ ತಂದ ನೋವಿಗೆ ಕಾಗದದಲ್ಲೇ ಸಮಾಧಾನ ಹೇಳಬೇಕೆನಿಸಿ ಬರೆಯುತ್ತಿದ್ದೇನೆ.

ಮೊದಲು ಇದನ್ನು ಹೇಳಿಬಿಡುತ್ತೇನೆ: ನಿನ್ನ ಗೆಳತಿ ಬಹಳ ಚೆನ್ನಾಗಿ ಬರೆಯುತ್ತಾಳೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಜೀವಮಾನ ಕಳೆದ ನನಗೆ ಕಾಗದದ ಬೆಲೆ ಗೊತ್ತು. ಇಷ್ಟು ದಿನ ನೆರೆಕೋಟೆಯ ಒಡತಿಯಾಗಿ ಅವಳು ನಿನ್ನ ಪಾತ್ರಕ್ಕೆ ಕಳಿಸಿದ ಓಲೆಗಳೆಲ್ಲ ‘ದಳವಾಯಿ ತಿಮ್ಮಾಜಮ್ಮನವರಲ್ಲಿ ಬಿನ್ನಹ, ಉಭಯ ಕುಶಲೋಪರಿ’ ಎಂದು ತೊಡಗುತ್ತಿದ್ದವು. ಮೇಲೆ ಶ್ರೀಕಾರ, ಕೆಳಗೆ ಅರಗಿನ ಮುದ್ರೆ. ಈ ಸಲ ಶ್ರೀಕಾರವಿಲ್ಲ, ಕುಶಲದ ಮಾತಿಲ್ಲ, ಮುದ್ರೆಯಿಲ್ಲ. ‘ತಿಮ್ಮಾಜಿಗೆ’ ಎಂದು ಏಕವಚನದಲ್ಲೇ ಶುರು. ‘ಕಡವಿನ ಕಾವಲು ಅಮಾವಾಸ್ಯೆಯವರೆಗೆ ಇರುತ್ತದೆಂದು ಬರೆದೆ. ಏಕಾದಶಿಗೇ ತೆಗೆಸಿದೆ. ನನ್ನ ತಮ್ಮ ಹೊಳೆಯ ಪಾಲಾದ. ಇನ್ನು ನಮ್ಮ ನಡುವೆ ಉಪ್ಪಿನ ಋಣವಿಲ್ಲ.’ ಅಷ್ಟೇ. ‘ಅವರು’ ಎಂದು ಕರೆಸಿಕೊಂಡವಳನ್ನು ಒಮ್ಮೆಲೇ ‘ನೀನು’ ಎಂದು ಕರೆದರೆ ಬೈಗುಳದ ಅಗತ್ಯವೇ ಇರುವುದಿಲ್ಲ.

ನೋವಾದದ್ದು ತಿಮ್ಮಾಜಮ್ಮನಿಗೆ, ಊಟ ಬಿಟ್ಟವಳು ನೀನು. ನಿಮ್ಮ ಆಟದವರು ಇದನ್ನೇ ಬ್ಲೀಡ್ ಎನ್ನುತ್ತಾರೆಂದು ನೀನೇ ಹೇಳಿದ್ದೆ. ಪಾತ್ರದ ಭಾವನೆ ಆಡುವವರಿಗೆ ಇಳಿಯುತ್ತದೆ, ಆಡುವವರದ್ದು ಪಾತ್ರಕ್ಕೆ ಏರುತ್ತದೆ. ಹಾಗೆ ಆಗದಿದ್ದರೆ ಆ ಆಟ ಆಡಿಯೇನು ಪ್ರಯೋಜನ? ನಿನ್ನ ಮನಸ್ಸು ಅಲುಗಾಡಿದ್ದನ್ನು ನಾನು ದೌರ್ಬಲ್ಯ ಎಂದು ತಿಳಿದಿಲ್ಲ. ನನ್ನ ಚಿಂತೆ ಇರುವುದು ಬೇರೆ ಕಡೆ. ಮೈದಾನದ ಆಟದಿಂದ ಹೊರಬರಲು ನಿಮಗೆ ದಾರಿ ಇದೆ, ಓಲೆಯಿಂದ ಹೊರಬರಲು ಇಲ್ಲ.

ನೀವು ಕತ್ತಿ ಮಾಡುವುದನ್ನು ನಮ್ಮ ಮನೆಯ ತಾರಸಿಯ ಮೇಲೆಯೇ ನೋಡಿದ್ದೇನೆ. ಪಿವಿಸಿ ಪೈಪಿಗೆ ಫೋಮ್ ಸುತ್ತಿ ಟೇಪು ಬಿಗಿಯುತ್ತೀರಿ. ತುದಿಯಲ್ಲಿ ಪೈಪು ಮುಗಿದ ಮೇಲೂ ಸ್ವಲ್ಪ ಉದ್ದ ಬರೀ ಫೋಮ್ ಬಿಡುತ್ತೀರಿ, ಚುಚ್ಚಬಾರದೆಂದು. ತಲೆಗೆ ಹೊಡೆಯುವಂತಿಲ್ಲ. ಆಟ ನಿಂತ ಮೇಲೆ ಚಿಕ್ಕಪೇಟೆಯ ಬಟ್ಟೆಯಲ್ಲಿ ಹೊಲಿದ ಆ ನಿಲುವಂಗಿಗಳನ್ನು ಕಳಚಿ, ಕನಕಪುರ ರಸ್ತೆಯ ಆ ತೋಟದಲ್ಲಿ ಶತ್ರುಗಳೆಲ್ಲ ಒಂದೇ ಸಾಲಿನಲ್ಲಿ ಕುಳಿತು ಬಿಸಿಬೇಳೆ ಭಾತ್ ತಿನ್ನುತ್ತೀರಿ. ಈ ಎಚ್ಚರಿಕೆಗಳೆಲ್ಲ ಬಹಳ ಜನ ಆಡಿ ಕಲಿತದ್ದು. 1982ರಲ್ಲಿ ಇಂಗ್ಲೆಂಡಿನ ಚೆಷೈರಿನ ಪೆಕ್‌ಫರ್ಟನ್ ಕೋಟೆಯಲ್ಲಿ ‘ಟ್ರೆಷರ್ ಟ್ರ್ಯಾಪ್’ ಎಂಬ ಆಟ ಶುರುವಾದಾಗಿನಿಂದ ಇಲ್ಲಿಯವರೆಗೆ ಲಾರ್ಪ್ ಆಡುವವರು ಆಯುಧಕ್ಕಿಂತ ಹೆಚ್ಚು ಯೋಚಿಸಿರುವುದು ಮನಸ್ಸಿನ ವಿಷಯವನ್ನು ಎಂದು ನನಗೆ ಅನ್ನಿಸುತ್ತದೆ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡಿನವರು 1997ರಲ್ಲಿ ಓಸ್ಲೊದಲ್ಲಿ ತಮ್ಮ ಮೊದಲ ಸಮಾವೇಶ ನಡೆಸಿದರಂತಲ್ಲ, ಅವರ ಆಟಗಳಲ್ಲಿ ಯಾರಾದರೂ ‘ಕಟ್’ ಎಂದರೆ ಎಲ್ಲವೂ ಅಲ್ಲಿಗೇ ನಿಲ್ಲಬೇಕು, ‘ಬ್ರೇಕ್’ ಎಂದರೆ ಎದುರಿನವರು ತೀವ್ರತೆ ತಗ್ಗಿಸಬೇಕು. ಆಟ ಮುಗಿದ ಮೇಲೆ ಸುತ್ತ ಕುಳಿತು ಪಾತ್ರದಿಂದ ಹೊರಗೆ ಬಂದು ಮಾತಾಡುತ್ತಾರೆ.

ಓಲೆ ಬರೆಯುವವಳು ನಡುರಾತ್ರಿ ಒಬ್ಬಳೇ ಬರೆಯುತ್ತಾಳೆ. ಓದುವವಳು ಇನ್ಯಾವಾಗಲೋ ಒಬ್ಬಳೇ ಓದುತ್ತಾಳೆ. ‘ಕಟ್’ ಎಂದರೆ ಕೇಳಿಸಿಕೊಳ್ಳಲು ಎದುರಿಗೆ ಯಾರೂ ಇಲ್ಲ. ಕತ್ತಿಯ ತುದಿಗೆ ಫೋಮ್ ಬಿಟ್ಟವರು ಕಾಗದದ ತುದಿಗೆ ಏನನ್ನು ಬಿಟ್ಟಿದ್ದೀರಿ?

ನಿನ್ನ ಅಜ್ಜ ಶಿರಸಿಯ ಕಡೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದದ್ದು ನಿನಗೆ ಗೊತ್ತು, ಆದರೆ ನೀನು ನೋಡಿಲ್ಲ. ಬಣ್ಣವಿಲ್ಲ, ಕಿರೀಟವಿಲ್ಲ, ಪಂಚೆ ಶಲ್ಯದಲ್ಲೇ ಕುಳಿತು ಮಾತಾಡುವುದು. ಭಾಗವತರು ಪದ್ಯ ಹಾಡುತ್ತಾರೆ, ಕಥೆ ಆ ಪದ್ಯ ಹೇಳಿದ ಹಾಗೆಯೇ ನಡೆಯಬೇಕು. ಮಾತು ಮಾತ್ರ ಅರ್ಥಧಾರಿಯ ಸ್ವಂತದ್ದು, ಆ ಕ್ಷಣಕ್ಕೆ ಹುಟ್ಟಿದ್ದು. ಆಟ ನಡೆಸುವ ಗೇಮ್ ಮಾಸ್ಟರ್ ಗೆರೆ ಎಳೆದಿರುತ್ತಾರೆ, ಒಳಗೆ ನಾವು ಸ್ವತಂತ್ರರು ಎಂದು ನೀನು ವಿವರಿಸಿದಾಗ ನನಗೆ ಒಂದಿಷ್ಟೂ ಹೊಸದೆನಿಸಲಿಲ್ಲ. ವಾಲಿವಧೆಯಲ್ಲಿ ಅಪ್ಪ ವಾಲಿ, ಶಾಲೆಯ ಮಾಸ್ತರರು ರಾಮ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳು ಅಪ್ಪನ ಬಾಯಲ್ಲಿ ಎಂಥ ಹರಿತವಾಗುತ್ತಿದ್ದವೆಂದರೆ, ಒಂದು ರಾತ್ರಿ ಮಾಸ್ತರರ ಬಾಯಿಂದ ಮಾತೇ ಹೊರಡಲಿಲ್ಲ. ಜನ ಗುಸುಗುಸು ಎನ್ನತೊಡಗಿದರು. ಭಾಗವತರು ಮುಂದಿನ ಪದ್ಯ ಎತ್ತಿಕೊಂಡು ಕಾಪಾಡಬೇಕಾಯಿತು. ಮಂಗಳವಾದ ಮೇಲೆ ಅಪ್ಪ ಪ್ರಸಂಗದ ಸುದ್ದಿ ಎತ್ತಲಿಲ್ಲ. ಇಬ್ಬರೂ ಪಕ್ಕಪಕ್ಕ ಕುಳಿತು ಅವಲಕ್ಕಿ ತಿಂದರು, ಕಷಾಯ ಕುಡಿದರು. ಎದ್ದು ಕೈ ತೊಳೆಯುವಾಗ ಅಪ್ಪ ಕೇಳಿದರು: ‘ಮಾಸ್ತರರೇ, ನನ್ನ ಮಾತು ಸ್ವಲ್ಪ ಜೋರಾಯಿತೇ?’ ಅವರು ‘ವಾಲಿಗೆ ಅಷ್ಟು ಬೇಕಾಗಿತ್ತು ಭಟ್ಟರೇ’ ಎಂದರು. ಮುಂದಿನ ಮಳೆಗಾಲದಲ್ಲಿ ಮಾಸ್ತರರು ವಾಲಿಯಾದರು, ಅಪ್ಪ ರಾಮನಾಗಿ ಆ ಪ್ರಶ್ನೆಗಳನ್ನೆಲ್ಲ ಎದುರಿಸಿದರು.

ಅಪ್ಪ ಆ ಒಂದು ಪ್ರಶ್ನೆ ಕೇಳಿದ್ದರಿಂದ ವಾಲಿಯ ಮಾತಿನ ಹರಿತ ಏನೂ ಕಡಿಮೆಯಾಗಲಿಲ್ಲ. ನೀವು ಮಾಡಬೇಕಾದದ್ದೂ ಅಷ್ಟೇ ಎಂದು ನನ್ನ ಅಭಿಪ್ರಾಯ. ಓಲೆ ಎಷ್ಟು ಕಟುವಾಗಿದ್ದರೂ ಇರಲಿ, ಅದರ ಜೊತೆಗೆ ನಿಮ್ಮ ನಿಮ್ಮ ಸ್ವಂತ ಹೆಸರಿನಲ್ಲಿ, ಈ ಕಾಲದ ಬಾಲ್‌ಪೆನ್ನಿನಲ್ಲಿ, ಬೇರೆ ಬಣ್ಣದ ಕಾಗದದಲ್ಲಿ ಒಂದು ಚೀಟಿ ಇಡಿ. ‘ಇದನ್ನು ಬರೆಯುವಾಗ ಕೈ ನಡುಗಿತು ಕಣೇ, ನಿನಗೆ ಹೇಗಾಯಿತು, ಫೋನ್ ಮಾಡು’ ಎಂದರೆ ಸಾಕು. ಇಪ್ಪತ್ತು ಗ್ರಾಮಿನವರೆಗೆ ಐದು ರೂಪಾಯಿಯ ಅಂಚೆಚೀಟಿಯೇ ಸಾಲುತ್ತದೆ, ಚೀಟಿಯಿಂದ ತೂಕವೇನೂ ಹೆಚ್ಚುವುದಿಲ್ಲ. ಲಕೋಟೆಯನ್ನು ನಾನು ಹೇಳಿಕೊಟ್ಟಂತೆಯೇ ಮಾಡುತ್ತಿದ್ದೀರಿ, ಸಂತೋಷ: ಹೊರಗಿನದು ಸಾದಾ ಲಕೋಟೆ, ಮುದ್ರೆಯೊತ್ತಿದ ಓಲೆ ಒಳಗೆ. ಅರಗು ಹೊರಗಿದ್ದರೆ ಮೊಹರು ಹೊಡೆಯುವಾಗಲೇ ಪುಡಿಯಾಗುತ್ತದೆ. ಚೀಟಿಯನ್ನು ಮುದ್ರೆಯೊಳಗೆ ಸೇರಿಸಬೇಡಿ, ಅವೆರಡರ ನಡುವೆ ಇಡಿ. ಓಲೆಯನ್ನು ಬಿಚ್ಚುವ ಮೊದಲು ಚೀಟಿ ಕೈಗೆ ಸಿಗಬೇಕು.

ಪಾತ್ರದ ಹೆಸರಿನಲ್ಲಿ ಸುಳ್ಳು ಬರೆಯಬೇಡಿ, ಕಟುವಾಗಿ ಬರೆಯಬೇಡಿ ಎಂದು ನಾನು ಹೇಳುತ್ತಿಲ್ಲ. ಡಿಪ್ಲೊಮಸಿ ಎಂಬ ಹಲಗೆಯಾಟವನ್ನು ಅಮೆರಿಕದಲ್ಲಿ 1963ರಿಂದಲೇ ಅಂಚೆಯಲ್ಲಿ ಆಡುತ್ತಿದ್ದರು. ಕಾಗದದಲ್ಲಿ ಸ್ನೇಹದ ಮಾತು ಕೊಟ್ಟು ಕೊನೆಗೆ ಮುರಿಯುವುದೇ ಅದರ ಜೀವ, ನಿಯಮದಲ್ಲಿ ಅದಕ್ಕೆ ತಡೆಯಿಲ್ಲ. ಓಲೆಯಲ್ಲಿ ಕಪಟವಿಲ್ಲದಿದ್ದರೆ ನಿಮ್ಮ ಪಾಳೆಯಪಟ್ಟುಗಳಿಗೆ ಕಥೆಯೇ ಇಲ್ಲ.

ಇನ್ನು ಕಪಟದ ವಿಷಯ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ನೀನು ಓಲೆಗಳ ಪ್ರತಿ ಇಟ್ಟುಕೊಳ್ಳುವ ಉದ್ದನೆಯ ನೋಟ್‌ಬುಕ್ಕು ಇಲ್ಲೇ ಮೇಜಿನ ಮೇಲಿತ್ತು, ತೆರೆದು ನೋಡಿದೆ. ತಿಮ್ಮಾಜಮ್ಮ ಬರೆದಿರುವುದು ‘ಕಡವಿನ ಕಾವಲು ಏಕಾದಶಿಯವರೆಗೆ’ ಎಂದು. ನೆರೆಕೋಟೆಯ ಒಡತಿ ಓದಿರುವುದು ‘ಅಮಾವಾಸ್ಯೆಯವರೆಗೆ’ ಎಂದು. ನಡುವಿನ ಆ ನಾಲ್ಕು ದಿನ ಎಲ್ಲಿಂದ ಬಂತು?

ವಿಜಯನಗರದ ಕಾಲದಲ್ಲಿ ಅರಸರ ನಿರೂಪಗಳನ್ನು ರಾಯಸದವರು ಬರೆಯುತ್ತಿದ್ದರು. ನಿಮ್ಮ ಆಟದಲ್ಲೂ ದಳವಾಯಿ ತಾನು ಬರೆಯುವುದಿಲ್ಲ. ನೀನು ಕೊಟ್ಟ ಕರಡನ್ನು ರಾಯಸದ ಪಾತ್ರಧಾರಿ ಶುದ್ಧಪ್ರತಿ ಮಾಡಿ ಕಳಿಸುತ್ತಾನೆ. 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಅಂಚೆಯನ್ನು ವ್ಯವಸ್ಥಿತವಾಗಿ ಕಟ್ಟಿದರು. ಅದರ ಕೆಳಗಿನ ನೌಕರರು ಅರಸರ ಗೂಢಚಾರರೂ ಆಗಿದ್ದರೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾರೆ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರುವವರೆಗೂ ಮೈಸೂರಿನ ಅಂಚೆ ಬೇರೆಯಾಗಿಯೇ ಇತ್ತು. ಆ ಇಲಾಖೆಯ ವಾರಸುದಾರಳಾಗಿ ಹೇಳುತ್ತೇನೆ, ಓಲೆ ಎಷ್ಟು ಕೈ ದಾಟುತ್ತದೋ ಅಷ್ಟು ಕಡೆ ಕಣ್ಣಿಡಬೇಕು. ನಿನ್ನ ಗೆಳತಿ ಈ ಸಲ ಮಾತ್ರ ರಾಯಸವನ್ನು ಬಿಟ್ಟು ಕೈಯಾರೆ ಬರೆದಿದ್ದಾಳೆ. ದುಃಖದಿಂದ ಹಾಗೆ ಮಾಡಿದಳೋ, ಅವಳಿಗೂ ಏನಾದರೂ ಅನುಮಾನವಿತ್ತೋ, ನಾನು ಹೇಳಲಾರೆ.

ನಾಳೆ ಅವಳಿಗೆ ಫೋನ್ ಮಾಡು, ನಿನ್ನ ಹೆಸರಿನಲ್ಲಿ. ಊಟ ಬಿಟ್ಟದ್ದನ್ನು ಹೇಳು, ಓಲೆ ಎಷ್ಟು ಚೆನ್ನಾಗಿತ್ತೆಂದು ಹೇಳು. ಏಕಾದಶಿಯ ವಿಷಯ ಮಾತ್ರ ಅಲ್ಲಿ ಎತ್ತಬೇಡ, ಅದನ್ನು ಹೇಳಬೇಕಾದವಳು ತಿಮ್ಮಾಜಮ್ಮ. ಅವಳು ಉತ್ತರ ಬರೆಯುವಾಗ ಕರಡನ್ನು ರಾಯಸದವನ ಕೈಗೆ ಕೊಡದಿರಲಿ. ತಾನೇ ಬರೆದು, ಅಂಚೆಗೂ ಹಾಕದೆ, ಮುಂದಿನ ಆಟದಲ್ಲಿ ಕೋಟೆಯ ಬಾಗಿಲಲ್ಲಿ ಒಡತಿಯ ಕೈಗೇ ಮುಟ್ಟಿಸಲಿ. ಬಹುವಚನವನ್ನು ಬಿಡದಿರಲಿ.

ಶನಿವಾರ ಗೆಳತಿಯನ್ನೂ ಕರೆದುಕೊಂಡು ಬಾ. ಅವಳಿಗೆ ಕಡಬು ಇಷ್ಟವೆಂದು ಹೇಳಿದ್ದೆ, ಅಕ್ಕಿ ನೆನೆಹಾಕುತ್ತೇನೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಬರುತ್ತೀರೆಂದು ಶುಕ್ರವಾರವೇ ತಿಳಿಸು.

ಇತಿ ನಿನ್ನ,
ಅಮ್ಮ