ಯುವತಿಯರ ಸ್ವಉದ್ಯೋಗ ತರಬೇತಿ: ಕೂಲಿಯ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ಹದಿಹರೆಯದ ಹೆಣ್ಣುಮಕ್ಕಳಿಗೂ ಯುವತಿಯರಿಗೂ ಸ್ವಉದ್ಯೋಗ ತರಬೇತಿ ಶಿಬಿರಗಳು ನಡೆಯುತ್ತಿರುವುದು ಸಂತೋಷದ ಸಂಗತಿ. ಆದರೆ ಹಲವು ಶಿಬಿರಗಳಲ್ಲಿ ತಯಾರಿಕೆ ಕಲಿಸಿ, ಪ್ರಮಾಣಪತ್ರ ಕೊಟ್ಟು ಕಳಿಸಿಬಿಡುತ್ತಾರೆ. ಬೆಲೆ ಕಟ್ಟುವ ಪಾಠಕ್ಕೆ ಕೊನೆಯ ದಿನದ ಅರ್ಧ ತಾಸು ಸಿಕ್ಕರೆ ಹೆಚ್ಚು. ಕೈಕೆಲಸ ಚೆನ್ನಾಗಿ ಬಲ್ಲ ಹುಡುಗಿಯರೂ ಸೋಲುವುದು ಅಲ್ಲೇ.

ಖಡಕ್ ರೊಟ್ಟಿಯನ್ನೇ ತೆಗೆದುಕೊಳ್ಳಿ. 250 ರೊಟ್ಟಿಗೆ 10 ಕೆ.ಜಿ. ಜೋಳ ಬೇಕೆಂದಿಟ್ಟುಕೊಳ್ಳೋಣ. ಜೋಳಕ್ಕೆ 500 ರೂಪಾಯಿ, ಗಿರಣಿಗೆ 50, ಗ್ಯಾಸಿಗೆ 200, ಕವರು-ಲೇಬಲ್ಲಿಗೆ 100, ಒಟ್ಟು 850. ರೊಟ್ಟಿಯೊಂದಕ್ಕೆ 3.40 ಬಿತ್ತು, 5 ರೂಪಾಯಿಗೆ ಮಾರಿದರೆ ಲಾಭ ಎಂದು ಹುಡುಗಿ ನಂಬುತ್ತಾಳೆ. ತಟ್ಟಿ ಬೇಯಿಸಿದ ಇಬ್ಬರ ದಿನಗೂಲಿ ತಲಾ 400 ಸೇರಿದರೆ ಖರ್ಚು 1,650. 20 ರೊಟ್ಟಿ ಮುರಿದರೆ ಮಾರಲು ಉಳಿಯುವುದು 230. ಅಂದರೆ ಒಂದರ ಅಸಲು 7.17! ಮನೆಮಂದಿಯ ದುಡಿಮೆಗೆ ಕೂಲಿ ಹಾಕದಿರುವುದು ಈ ತರಬೇತಿಗಳ ದೊಡ್ಡ ಲೋಪ. ಅದರಲ್ಲೂ ಹೆಣ್ಣುಮಕ್ಕಳ ದುಡಿಮೆಗೆ.

ಅಂಗಡಿಯವರು ಮಾರಾಟ ಬೆಲೆಯ ಶೇ 20ರಷ್ಟು ಕಮಿಷನ್ ಹಿಡಿಯುತ್ತಾರೆ ಎನ್ನಿ. ಅಸಲು 7.17ಕ್ಕೆ ಶೇ 20 ಸೇರಿಸಿ 8.60 ಎಂದು ಬೆಲೆ ಇಟ್ಟರೆ ಕೈಗೆ ಬರುವುದು 6.88, ಮತ್ತೆ ನಷ್ಟ. ಮಾರಾಟ ಬೆಲೆಯಲ್ಲಿ ಕೈಗೆ ಉಳಿಯುವುದು ಶೇ 80, ಹಾಗಾಗಿ ಅಸಲನ್ನು 0.80ರಿಂದ ಭಾಗಿಸಬೇಕು, ಸುಮಾರು 9 ರೂಪಾಯಿ ಬರುತ್ತದೆ. ಲಾಭ ಅದರ ಮೇಲಿನ ಮಾತು. ಈ ಒಂದು ಭಾಗಾಕಾರವನ್ನು ಹತ್ತು ಸಲ ಮಾಡಿಸಬೇಕು.

ಇನ್ನೊಂದು ತಪ್ಪು, ಸಾಲದ ದುಡ್ಡನ್ನೆಲ್ಲ ಯಂತ್ರಕ್ಕೆ ಸುರಿಯುವುದು. ಅಂಗಡಿಯಿಂದ ಹಣ ಬರಲು ಹದಿನೈದು ದಿನ, ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗಿನ ಜೋಳ, ಗ್ಯಾಸಿಗೆ ಹಣ ಎತ್ತಿಟ್ಟ ಮೇಲೆಯೇ ಯಂತ್ರ ಕೊಳ್ಳಬೇಕು. ರೊಟ್ಟಿ ಪೂರ್ತಿ ಆರುವ ಮುನ್ನ ಕವರಿಗೆ ಹಾಕಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ, ವಾಪಸು ಬಂದ ಮಾಲಿನ ನಷ್ಟವೂ ಅವಳದೇ. ಪ್ಯಾಕೆಟ್ಟಿನ ಮೇಲೆ ತೂಕ, ತಯಾರಿಸಿದ ದಿನಾಂಕ, ಎಂಆರ್‌ಪಿ, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಸಂಖ್ಯೆ ಇರಲೇಬೇಕು. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಉಚಿತ. ದುಡ್ಡು ಕೇಳುವ ಖಾಸಗಿ ತಾಣಗಳ ಬಗ್ಗೆ ಎಚ್ಚರಿಸಬೇಕು.

18 ತುಂಬದವರು ಮಾಡಿಕೊಂಡ ಸಾಲದ ಕರಾರು ಕಾನೂನಿನಲ್ಲಿ ನಿಲ್ಲದು. ಅವರಿಗೆ ಸಾಲದ ಅರ್ಜಿ ತುಂಬಿಸುವ ಬದಲು ಉಳಿತಾಯ ಖಾತೆ ನಡೆಸುವುದನ್ನು, ದಿನವಹಿ ಲೆಕ್ಕ ಬರೆಯುವುದನ್ನು ಕಲಿಸಿದರೆ ಸಾಕು.

1982ರಲ್ಲಿ ಉಜಿರೆಯಲ್ಲಿ ಶುರುವಾದ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನ ಮಾದರಿಯಲ್ಲಿ ತರಬೇತಿ ಮುಗಿದ ಮೇಲೂ ಶಿಬಿರಾರ್ಥಿಗಳ ಬೆನ್ನಿಗೆ ನಿಲ್ಲುವ ಪದ್ಧತಿಯಿದೆ. ಚಿಕ್ಕ ಶಿಬಿರಗಳೂ ಕನಿಷ್ಠ ಎರಡು ದಿನ ಬೆಲೆ ಲೆಕ್ಕಕ್ಕೆ, ಒಂದು ದಿನ ಸಂತೆಯಲ್ಲಿ ಮಾರಾಟಕ್ಕೆ ಮೀಸಲಿಡಲಿ. ಮೂರು ತಿಂಗಳ ಬಳಿಕ ತರಬೇತುದಾರರು ಅವಳ ಮನೆಗೆ ಹೋಗಿ ಲೆಕ್ಕದ ಪುಸ್ತಕ ನೋಡಲಿ. ಅನುದಾನ ನೀಡುವ ಇಲಾಖೆಗಳು ಇದನ್ನು ಷರತ್ತಾಗಿಯೇ ಸೇರಿಸಬೇಕು.

– ಸ್ವಉದ್ಯೋಗ ತರಬೇತುದಾರರು, ಧಾರವಾಡ