ನಮ್ಮ ಕ್ಯಾಂಪರ್ ವಾಹನದ ಒಳಾಂಗಣದ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮೈಸೂರಿನಿಂದ ಹೊರಡುವ ನಮ್ಮ ಎರಡು ಕ್ಯಾಂಪರ್ ವಾಹನಗಳ ಪೈಕಿ ದೊಡ್ಡದರಲ್ಲಿ, ಬರುವ ಜೂನ್ 1ರಿಂದ, ನಾಲ್ವರ ಬದಲು ಇಬ್ಬರು ದೊಡ್ಡವರು ಮತ್ತು ಒಂದು ಮಗು ಮಾತ್ರ ಮಲಗಬಹುದು. ಚಾವಣಿಯ ಮೇಲಿದ್ದ ಏಸಿ, ಅದಕ್ಕೆಂದೇ ಹೊತ್ತೊಯ್ಯುತ್ತಿದ್ದ ಜನರೇಟರ್ ಮತ್ತು ಗೋಡೆಯ ಟಿವಿ ಇನ್ನು ಇರುವುದಿಲ್ಲ. ಬಾಡಿಗೆ ಹಿಂದಿನಷ್ಟೇ. ಇಷ್ಟನ್ನು ತೆಗೆದು ಅದೇ ಬಾಡಿಗೆ ಕೇಳುವುದು ಯಾವ ನ್ಯಾಯ ಎಂದು ಈಗಾಗಲೇ ಕೆಲವರು ಫೋನಿನಲ್ಲಿ ಕೇಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಆದ್ದರಿಂದ ಉತ್ತರವನ್ನು ಬರೆದೇ ತಿಳಿಸುತ್ತಿದ್ದೇವೆ.

ಕಳೆದ ಮಳೆಗಾಲದಲ್ಲಿ ಆಗುಂಬೆಯ ಬಳಿ ಎರಡು ರಾತ್ರಿ ತಂಗಿದ್ದ ಕುಟುಂಬವೊಂದು, ಚಾವಣಿ ಸೋರಿ ದಿಂಬುಗಳೆಲ್ಲ ಒದ್ದೆಯಾದವೆಂದು ವಾಹನ ಹಿಂದಿರುಗಿಸುವಾಗ ದೂರಿತು. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುವ ಊರು, ಸೋರಿದ್ದರೆ ಆಶ್ಚರ್ಯವಿಲ್ಲ ಎಂದುಕೊಂಡು ನಾವು ಚಾವಣಿಯ ಜೋಡಣೆಗಳಿಗೆಲ್ಲ ಸೀಲೆಂಟ್ ಬಳಿದೆವು. ಮುಂದಿನ ತಿಂಗಳು ಬೇರೊಬ್ಬರಿಂದ ಅದೇ ದೂರು ಬಂತು, ಮತ್ತೆ ಬಳಿದೆವು. ಮೂರನೆಯ ಸಲ ಒಳಗಿನ ಪ್ಲೈವುಡ್ ಹೊದಿಕೆಯನ್ನೇ ಬಿಚ್ಚಿ ನೋಡಿದಾಗ, ನೀರು ಹೊರಗಿನಿಂದ ಬಂದದ್ದೇ ಅಲ್ಲವೆಂದು ತಿಳಿಯಿತು. ಮಳೆಯೆಂದು ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿ ನಾಲ್ವರು ಮಲಗಿದರೆ, ಅವರ ಉಸಿರು ಮತ್ತು ಬೆವರಿನಿಂದಲೇ ಒಂದು ರಾತ್ರಿಗೆ ಲೀಟರಿನ ಲೆಕ್ಕದಲ್ಲಿ ತೇವ ಒಳಗಿನ ಗಾಳಿಗೆ ಸೇರುತ್ತದೆ. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ತಂಬಿಗೆಯ ಮೈ ಬೆವರುವಂತೆ ಅದು ತಣ್ಣನೆಯ ತಗಡಿನ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ. ತಗಡಿಗೂ ಪ್ಲೈವುಡ್ಡಿಗೂ ನಡುವೆ ಶಾಖ ತಡೆಯಲೆಂದು ನಾವೇ ತುಂಬಿಸಿದ್ದ, ಗಾಜಿನ ಎಳೆಗಳ ಹತ್ತಿಯಂಥ ಗ್ಲಾಸ್‌ವುಲ್ ಆ ನೀರನ್ನು ಹೀರಿಕೊಂಡು, ಹಿಂಭಾಗದಲ್ಲಿ ಬೂಷ್ಟು ಹಿಡಿದು, ಎರಡು ಕಡೆ ತುಕ್ಕೂ ಆರಂಭವಾಗಿತ್ತು. ಸೋರಿಕೆಯ ದೂರು ಕೊಟ್ಟ ಎರಡೂ ಕುಟುಂಬಗಳಿಗೆ ನಮ್ಮ ಕ್ಷಮೆಯಿರಲಿ.

ಹೀಗಾಗಿ ಮೊದಲು ಕೈಹಾಕಿದ್ದು ಕಣ್ಣಿಗೆ ಕಾಣದ ಕೆಲಸಕ್ಕೆ. ಗ್ಲಾಸ್‌ವುಲ್ ತೆಗೆದು, ತುಕ್ಕು ಉಜ್ಜಿ, ಪ್ರೈಮರ್ ಬಳಿದು, ನೀರು ಹೀರದ ನೈಟ್ರೈಲ್ ರಬ್ಬರಿನ ಹಾಳೆಯನ್ನು ನಡುವೆ ಗಾಳಿಗೆ ಎಡೆಯಿಲ್ಲದಂತೆ ನೇರವಾಗಿ ತಗಡಿಗೇ ಅಂಟಿಸಿದ್ದೇವೆ. ಇದರಿಂದ ಮಳೆಯ ಸದ್ದೂ ತಗ್ಗಿದೆ. ಆದರೆ ಹೊದಿಕೆ ಎಷ್ಟೇ ಚೆನ್ನಾಗಿದ್ದರೂ ತೇವ ಹೊರಹೋಗಲು ದಾರಿ ಬೇಕೇಬೇಕು. ಏಸಿ ತೆಗೆದಾಗ ಚಾವಣಿಯಲ್ಲಿ ಉಳಿದ 14 ಅಂಗುಲದ ಚೌಕ ಕಿಂಡಿಗೆ, ಮಳೆಮುಚ್ಚಳವಿರುವ, ಒಳಗಿನ ಗಾಳಿಯನ್ನು ಹೊರಗೆಳೆಯುವ ಫ್ಯಾನು ಅಳತೆ ಮಾಡಿಸಿದಂತೆ ಕೂತಿತು. ರಾತ್ರಿ ಅದನ್ನು ಕಡಿಮೆ ವೇಗದಲ್ಲಿಟ್ಟು, ಕಾಲ ಕಡೆಯ ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಡಬೇಕೆಂದು ಕೋರುತ್ತೇವೆ. ಕಿಟಕಿಗೆ ಸೊಳ್ಳೆ ಪರದೆಯೂ ಹೊರಗೆ ಸಣ್ಣ ಸಜ್ಜಾವೂ ಇರುವುದರಿಂದ ಎರಚಲು ಒಳಗೆ ಬಾರದು.

ಏಸಿಯ ಲೆಕ್ಕ ಹೀಗಿದೆ. ಒಂದು ಟನ್ನಿನ ಏಸಿ ಸುಮಾರು 1,000 ವಾಟ್ ಬೇಡುತ್ತದೆ. ಈಗ ಹಾಕಿರುವ 12.8 ವೋಲ್ಟ್, 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಇರುವುದು 1,280 ವಾಟ್-ಅವರ್, ಅಂದರೆ ಏಸಿಗೆ ಸುಮಾರು ಒಂದು ಗಂಟೆಯ ಊಟ. ಹಳೆಯ ಸೀಸದ ಬ್ಯಾಟರಿ ಹಾಳಾಗದಿರಲು ಅರ್ಧಕ್ಕಿಂತ ಹೆಚ್ಚು ಬಳಸುವಂತಿರಲಿಲ್ಲವಾದ್ದರಿಂದ ಜನರೇಟರ್ ಬೇಕೇ ಆಗುತ್ತಿತ್ತು. ಅದರ ಸದ್ದಿಗೆ ವಾಹನ ನಿಲ್ಲಿಸಿದ ತೋಟದ ಮಾಲೀಕರು ಮಾತ್ರವಲ್ಲ, ಒಳಗಿದ್ದವರೂ ನಿದ್ದೆಗೆಟ್ಟದ್ದುಂಟು. 25 ವಾಟಿನ ಫ್ಯಾನು ಎಂಟು ಗಂಟೆ ತಿರುಗಿದರೂ 200 ವಾಟ್-ಅವರ್ ಮಾತ್ರ. ಉಳಿದದ್ದು ಸಣ್ಣ ಫ್ರಿಜ್ಜು, ದೀಪ, ಮೊಬೈಲುಗಳಿಗೆ ಮರುದಿನ ವಾಹನ ಹೊರಡುವವರೆಗೆ ಸಾಕು. ವಾಹನ ಓಡುವಾಗ ಬ್ಯಾಟರಿ ಎಂಜಿನ್ನಿನಿಂದಲೇ ಚಾರ್ಜ್ ಆಗುತ್ತದೆ. ಸೋಲಾರ್ ಫಲಕವನ್ನೂ ವಿಚಾರಿಸಿದ್ದೆವು, ಆದರೆ ಜುಲೈ ತಿಂಗಳ ಮಲೆನಾಡಿನ ಬಿಸಿಲನ್ನು ನಂಬಿ ದುಡ್ಡು ಹಾಕಲು ಧೈರ್ಯ ಬರಲಿಲ್ಲ. ವಿದ್ಯುತ್ ಕೆಟಲ್, ಇಸ್ತ್ರಿಪೆಟ್ಟಿಗೆ, ಇಂಡಕ್ಷನ್ ಒಲೆಗಳನ್ನು ದಯವಿಟ್ಟು ತರಬೇಡಿ. ಅಡುಗೆಗೆ ಗ್ಯಾಸ್ ಒಲೆಯಿದೆ. ಅದನ್ನು ಹೊರಗೆ, ಮಡಚುವ ಮೇಜಿನ ಮೇಲೆಯೇ ಹಚ್ಚಬೇಕು, ಚಳಿಯೆಂದು ಒಳಗೆ ಹಚ್ಚಿಡಲೇಬಾರದು. ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡನ್ನು ಪತ್ತೆಹಚ್ಚುವ ಅಲಾರಂ ಹಾಕಿದ್ದೇವೆ, ಆದರೆ ಈ ನಿಯಮ ಅಲಾರಮ್ಮಿಗಿಂತ ಮೇಲು.

ಏಪ್ರಿಲ್–ಮೇ ತಿಂಗಳಲ್ಲಿ ಹಂಪಿ, ಬಾದಾಮಿ ಕಡೆ ಹೊರಡುವವರಿಗೆ ಈ ವಾಹನ ಬೇಡವೆಂದೇ ಹೇಳುತ್ತೇವೆ. 40 ಡಿಗ್ರಿ ಸೆಕೆಗೆ ಫ್ಯಾನು ಉತ್ತರವಲ್ಲ.

ಹಾಸಿಗೆಯ ವಿಚಾರದಲ್ಲಿ ಬಂದಷ್ಟು ದೂರು ಬೇರೆ ಯಾವುದಕ್ಕೂ ಬಂದಿರಲಿಲ್ಲ. ಹಗಲು ಸೋಫಾ, ರಾತ್ರಿ ಮಂಚವಾಗುತ್ತಿದ್ದ ಹಳೆಯ ವ್ಯವಸ್ಥೆಯಲ್ಲಿ ಮೂರು ತುಂಡು ಫೋಮಿನ ಸಂದು ಸರಿಯಾಗಿ ಸೊಂಟದ ಕೆಳಗೇ ಬರುತ್ತಿತ್ತು. ನಾಲ್ವರಿಗೆ ಜಾಗ ಮಾಡಲು ಹೋಗಿ ಒಬ್ಬರಿಗೂ ನೆಟ್ಟಗೆ ನಿದ್ದೆ ಇಲ್ಲದಂತೆ ಮಾಡಿದ್ದೆವೆಂದು ಈಗ ಅನಿಸುತ್ತದೆ. ಅದರ ಜಾಗದಲ್ಲಿ ಆರೂಕಾಲು ಅಡಿ ಉದ್ದ, ನಾಲ್ಕು ಅಡಿ ಅಗಲದ ಕಾಯಂ ಮಂಚ, ಮಗುವಿಗೆ ಪಕ್ಕದಲ್ಲಿ ಕಿರುಮಂಚ ಬಂದಿವೆ. ಮೂರಂಗುಲ ರಬ್ಬರೀಕೃತ ತೆಂಗಿನ ನಾರು, ಅದರ ಮೇಲೆ ಎರಡಂಗುಲ ಲೇಟೆಕ್ಸ್. ಕೆಳಗೆ ಇಡಿಯ ಹಲಗೆಯ ಬದಲು ನಡುವೆ ಎಡೆಬಿಟ್ಟ ರೀಪು ಪಟ್ಟಿಗಳಿದ್ದು, ಹಾಸಿಗೆಯ ಅಡಿಯಲ್ಲಿ ಗಾಳಿ ಓಡುತ್ತದೆ. ಕಪಾಟುಗಳಿಗೆ 18 ಮಿ.ಮೀ. ಬದಲು 12 ಮಿ.ಮೀ. ದಪ್ಪದ, ನೀರಿಗೆ ತಾಳುವ ಐಎಸ್ 710 ದರ್ಜೆಯ ಪ್ಲೈವುಡ್ ಬಳಸಿದ್ದರಿಂದ ಎಂಟಕ್ಕೆ ನಾಲ್ಕಡಿಯ ಒಂದೊಂದು ಹಾಳೆಗೆ ಹತ್ತು ಕಿಲೋಗೂ ಹೆಚ್ಚು ತೂಕ ಇಳಿದಿದೆ. ಒತ್ತಿ ತೆರೆಯುವ ಚಿಲಕಗಳೂ, ಪಾತ್ರೆಗಳ ನಡುವೆ ಫೆಲ್ಟ್ ಬಟ್ಟೆಯೂ ಇರುವುದರಿಂದ ಚಾರ್ಮಾಡಿಯ ತಿರುವುಗಳಲ್ಲಿ ಸಾರಿನಪುಡಿ ಡಬ್ಬಿ ತಲೆಯ ಮೇಲೆ ಬೀಳುವ ಪ್ರಸಂಗ ಇನ್ನು ಬರಲಾರದು.

ಉಳಿದವು ಚಿಕ್ಕವು. ಆಸ್ಪತ್ರೆಯ ವಾರ್ಡಿನಂತಿದ್ದ ಬಿಳಿ ಟ್ಯೂಬುಗಳ ಬದಲು ಹಳದಿ ಛಾಯೆಯ ಎಲ್‌ಇಡಿ, ಪ್ರತಿ ದಿಂಬಿನ ಬಳಿ ಓದುದೀಪ. ಒಣಗದ ಕಾರ್ಪೆಟ್ಟಿನ ಬದಲು ವಿನೈಲ್ ನೆಲ, ಅದರ ಮೇಲೆ ಕೊಡವಿ ಹಾಸಬಹುದಾದ ನವಲಗುಂದದ ಜಮಖಾನ. ಬಾಗಿಲಲ್ಲಿ ಬೂಟು ಬಿಡಲು ಆಳವಾದ ತಟ್ಟೆ. ಇಂಬಳಗಳು ಬೂಟಿನ ಜತೆಗೇ ಒಳಗೆ ಬರುವುದರಿಂದ ಈ ತಟ್ಟೆಯನ್ನು ಅಲಕ್ಷಿಸಬೇಡಿ. ವಾಹನವನ್ನು ಸಮಮಟ್ಟದಲ್ಲಿ ನಿಲ್ಲಿಸಲು ಒಂದು ರಸಮಟ್ಟವನ್ನೂ ಎರಡು ಮರದ ಬೆಣೆಗಳನ್ನೂ ಇಟ್ಟಿದ್ದೇವೆ. ಇಳಿಜಾರಿನಲ್ಲಿ ತಲೆ ಕೆಳಗಾಗಿ ಮಲಗಿದ ರಾತ್ರಿಯ ಸಿಟ್ಟನ್ನು ನಮ್ಮ ಹಾಸಿಗೆಯ ಮೇಲೆ ತೀರಿಸಿಕೊಂಡವರು ಹಲವರಿದ್ದಾರೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿ ಪತ್ರದ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡು ಸಲ್ಲದಾದ್ದರಿಂದ, ಹೊರಮೈಯ ಚೌಕಟ್ಟನ್ನಾಗಲಿ ಬೆಲ್ಟ್ ಇರುವ ಆಸನಗಳನ್ನಾಗಲಿ ನಾವು ಮುಟ್ಟಿಲ್ಲ.

ಜೂನ್ 1ರ ನಂತರದ ದಿನಾಂಕಗಳಿಗೆ ನಾಲ್ವರೆಂದು ಈಗಾಗಲೇ ಕಾಯ್ದಿರಿಸಿರುವವರು ಮುಂಗಡವನ್ನು ಪೂರ್ತಿ ಹಿಂಪಡೆಯಬಹುದು, ಅಥವಾ ದಸರೆಯವರೆಗೆ ಹಳೆಯ ವ್ಯವಸ್ಥೆಯಲ್ಲೇ ಓಡಲಿರುವ ನಮ್ಮ ಎರಡನೆಯ ವಾಹನವನ್ನು ಆರಿಸಿಕೊಳ್ಳಬಹುದು. ಅದರಲ್ಲಿ ನಾಲ್ವರಿಗೆ ಜಾಗವಿದೆ, ಏಸಿಯೂ ಇದೆ, ಮೂರು ತುಂಡಿನ ಹಾಸಿಗೆಯೂ ಇದೆ. ಯಾವುದು ಬೇಕೆಂಬುದನ್ನು ಪ್ರಯಾಣಕ್ಕೆ ಹತ್ತು ದಿನ ಮೊದಲು ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಪಾಲುದಾರರು, ಮೈಸೂರು